ಐಚ್ಛಿಕ ಪತ್ರಿಕೆ: ಇಚ್ಛೆ ಯಾರದು?

ಕನ್ನಡ ಎಂ.ಎ. ಓದಿದವರಿಗೆ 'ಐಚ್ಛಿಕ' ಎಂಬ ಪದ ಹೊಸದಲ್ಲ. ಪಂಪ, ಕುಮಾರವ್ಯಾಸ, ಕಾವ್ಯಮೀಮಾಂಸೆ ಇವೆಲ್ಲ ಕಡ್ಡಾಯ. ಅವುಗಳ ಪಕ್ಕದಲ್ಲಿ ವಿದ್ಯಾರ್ಥಿ ತನ್ನ ಇಚ್ಛೆಯಂತೆ ಒಂದು ವಿಶೇಷ ಅಧ್ಯಯನವನ್ನು ಆರಿಸಿಕೊಳ್ಳಬೇಕು. ಜಾನಪದ, ವಚನ ಸಾಹಿತ್ಯ, ಶಾಸನ, ಗ್ರಂಥ ಸಂಪಾದನೆ, ಛಂದಸ್ಸು, ಭಾಷಾವಿಜ್ಞಾನ, ಭಾಷಾಂತರ. ಈಚಿನ ವರ್ಷಗಳಲ್ಲಿ ಪತ್ರಿಕೋದ್ಯಮ, ಸೃಜನಶೀಲ ಬರವಣಿಗೆ. ಕೆಲವು ಕಡೆ ದಲಿತ ಸಾಹಿತ್ಯ. ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಪಟ್ಟಿ. ಅರ್ಜಿಯ ಒಂದು ಗೆರೆಯ ಮೇಲೆ ಬರೆಯುವ ಈ ಹೆಸರು ಮುಂದೆ ಸಂಶೋಧನೆಯನ್ನು, ನೌಕರಿಯನ್ನು, ಬರವಣಿಗೆಯನ್ನು ಹಿಂಬಾಲಿಸುತ್ತ ಹೋಗುತ್ತದೆ. ದಲಿತ ವಿಮರ್ಶೆ ಕಾವ್ಯ, ಕತೆ, ಆತ್ಮಕಥೆಗಳ ಬಗ್ಗೆ ಬಹಳ ಮಾತಾಡಿದೆ. ವಿಮರ್ಶಕ ತಯಾರಾಗುವ ಈ ಒಂದು ಗೆರೆಯ ಬಗ್ಗೆ ಮಾತಾಡಿದ್ದು ಕಡಿಮೆ.

ನಮ್ಮ ಕಡೆ, ಅಂದರೆ ಮುಧೋಳ-ಜಮಖಂಡಿ ಸೀಮೆಯ ತಿಮ್ಮಾಪುರದಂಥ ಊರುಗಳಿಂದ ಹೋದ ಕೇರಿಯ ಹುಡುಗ ಹುಡುಗಿಯರಿಗೆ ಆ ಗಳಿಗೆಯಲ್ಲಿ ಸಿಗುವ ಸಲಹೆ ಬಹುತೇಕ ಒಂದೇ. "ಹಳಗನ್ನಡ ಯಾಕ್ ಬೇಕೋ ತಮ್ಮಾ, ತ್ರಾಸ ಆಗ್ತದ. ಜಾನಪದ ತಗೋ, ನಿಮ್ಮ ಮನಿಯೊಳಗ ಐತೆಲ್ಲಾ." ಹೇಳುವವರಲ್ಲಿ ಕೆಟ್ಟ ಮನಸ್ಸು ಇರಲೇಬೇಕೆಂದಿಲ್ಲ. ಪ್ರೀತಿಯಿಂದಲೇ ಹೇಳುತ್ತಾರೆ. ಅಂಕ ಬರುತ್ತವೆ, ಬೇಗ ಮುಗಿಯುತ್ತದೆ ಎಂಬ ಲೆಕ್ಕವೂ ಅದರಲ್ಲಿರುತ್ತದೆ. ಆದರೆ "ನಿಮ್ಮ ಮನಿಯೊಳಗ ಪೌರೋಹಿತ್ಯ ಐತಿ, ಅದರ ಮ್ಯಾಲೇ ಕ್ಷೇತ್ರಕಾರ್ಯ ಮಾಡು" ಎಂದು ಶಾಸ್ತ್ರಿಗಳ ಮಗನಿಗೆ ಯಾರೂ ಹೇಳುವುದಿಲ್ಲ. ಅವನು ಶಾಸನ ಓದಬಹುದು, ಷೇಕ್ಸ್‌ಪಿಯರನನ್ನು ಅನುವಾದಿಸಬಹುದು, ಬೇಕೆನಿಸಿದರೆ ನಮ್ಮ ಕೇರಿಗೂ ಟೇಪ್‌ರೆಕಾರ್ಡರ್ ಹಿಡಿದು ಬರಬಹುದು. ಅವನಿಗೆ ಓದೆಂದರೆ ಮನೆ ಬಿಟ್ಟು ಹೊರಡುವುದು. ನಮಗೆ ಮಾತ್ರ ಮನೆಗೇ ವಾಪಸು ಕಳಿಸುವ ಕ್ರಮ. ಈ ಬರಹದ ತಕರಾರು ಇದು: ವಿಶ್ವವಿದ್ಯಾಲಯ ದಲಿತ ವಿದ್ಯಾರ್ಥಿಯನ್ನು ಸಾಮಗ್ರಿಯಾಗಿ ಕರೆಯುತ್ತದೆ, ಸಾಮಗ್ರಿಯನ್ನು ತೂಗುವವನಾಗಿ ಕರೆಯುವುದಿಲ್ಲ.

*

ಇಚ್ಛೆಗೂ ಒಂದು ಭೂಗೋಳವಿದೆ. ತಿಮ್ಮಾಪುರದವನು ಕನ್ನಡ ಎಂ.ಎ. ಮಾಡಬೇಕೆಂದರೆ ಒಂದು ಕಾಲಕ್ಕೆ ಧಾರವಾಡವೇ ಗತಿ. ಅಲ್ಲಿಯ ಕನ್ನಡ ಅಧ್ಯಯನ ಪೀಠದಲ್ಲಿ ಶಾಸನಕ್ಕೂ ಗ್ರಂಥ ಸಂಪಾದನೆಗೂ ಜಾನಪದಕ್ಕೂ ಹೆಸರಾದ ಮೇಷ್ಟ್ರುಗಳಿದ್ದರು. ಇರದೇ ಇದ್ದದ್ದು ಹುಡುಗನ ಕೈಯಲ್ಲಿ ಎರಡು ವರ್ಷದ ಖರ್ಚು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಜಮಖಂಡಿಯಲ್ಲೇ ಶುರುವಾಯಿತು. ಬಸ್ಸಿನ ದಾರಿ ಕಡಿಮೆಯಾಯಿತು; ಹೆಣ್ಣುಮಕ್ಕಳ ಮಟ್ಟಿಗಂತೂ ಇದು ಸಣ್ಣ ಮಾತಲ್ಲ. ಎರಡೇ ವರ್ಷಕ್ಕೆ, 2025ರ ಫೆಬ್ರುವರಿಯಲ್ಲಿ, ಸಚಿವ ಸಂಪುಟದ ಉಪಸಮಿತಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿದಾಗ ಆ ಪಟ್ಟಿಯಲ್ಲಿ ಬಾಗಲಕೋಟೆಯದೂ ಇತ್ತು. ಕೊಟ್ಟ ಕೈಯೇ ಕಸಿಯಲು ಬಂದ ರೀತಿ ಅದು.

ಮುಚ್ಚುವುದು ಬಿಡುವುದು ಸರಕಾರದ ಮಾತು. ಓದುವವನ ಮಾತು ಬೇರೆ. ಅತಿಥಿ ಉಪನ್ಯಾಸಕರ ಬೆನ್ನ ಮೇಲೆ ನಡೆಯುವ ವಿಭಾಗದಲ್ಲಿ ಶಾಸನ ಓದಿಸಬಲ್ಲವರು ಇಲ್ಲವೆಂದರೆ, ಪಟ್ಟಿಯಲ್ಲಿ ಶಾಸನ ಇದ್ದೂ ಇಲ್ಲ. "ಈ ವರ್ಷ ಅದು ಇಲ್ಲ, ಇದನ್ನ ತಗೋರಿ" ಎಂದು ಹೇಳಿದ್ದನ್ನೇ ನಾವು ಇಚ್ಛೆ ಎಂದು ಬರೆದು ಸಹಿ ಹಾಕುತ್ತೇವೆ. ಊರಿಗೆ ಹತ್ತಿರ ಬಂದಷ್ಟೂ ಪಟ್ಟಿ ಗಿಡ್ಡವಾಗುತ್ತದೆ. ದೂರ ಹೋಗುವ ಶಕ್ತಿ ಇದ್ದವರಿಗೆ ಉದ್ದ ಪಟ್ಟಿ, ಇಲ್ಲದವರಿಗೆ ಗಿಡ್ಡ ಪಟ್ಟಿ. ಜಾತಿಯ ಹೆಸರು ಎಲ್ಲೂ ಬಾರದೆಯೇ ಜಾತಿ ಕೆಲಸ ಮಾಡುವ ಬಗೆಗಳಲ್ಲಿ ಇದೊಂದು.

*

ಜಾನಪದವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದು ಕನ್ನಡ ಎಂ.ಎ. ತರಗತಿಯ ಒಳಗೆ ಬಂದದ್ದು 1960ರ ದಶಕದ ಕೊನೆಯ ಹೊತ್ತಿಗೆ, ಮೈಸೂರಿನಲ್ಲಿ ಜೀ.ಶಂ. ಪರಮಶಿವಯ್ಯ ಮೊದಲಾದವರ ಶ್ರಮದಿಂದ. ಕೇರಿಯ ಬಾಯಿಯಲ್ಲಿದ್ದದ್ದು ಪರೀಕ್ಷೆಯ ಪ್ರಶ್ನೆಯಾದದ್ದು ಆ ಕಾಲಕ್ಕೆ ದೊಡ್ಡ ಪಲ್ಲಟವೇ. ನಮ್ಮ ಅತ್ಯುತ್ತಮರಲ್ಲಿ ಹಲವರು ಈ ಬಾಗಿಲಿನಿಂದಲೇ ಒಳಗೆ ಹೋದರು. ಸಿದ್ಧಲಿಂಗಯ್ಯನವರ ಸಂಶೋಧನೆ ಗ್ರಾಮದೇವತೆಗಳ ಮೇಲೆ. 'ಹೊಲೆಮಾದಿಗರ ಹಾಡು' ಬರೆದ ಕವಿ ಮಾರಮ್ಮ, ದುರುಗಮ್ಮರ ಬೆನ್ನು ಹತ್ತಿದ್ದು ಆಕಸ್ಮಿಕವಲ್ಲ. ಭಯಪಡಿಸುವ ದೇವರೊಂದಿಗೆ ಜಗಳವಾಡುವ, ಬೈಯುವ, ನಗುವ ಜನರನ್ನು ಅವರು ಅಲ್ಲಿ ಕಂಡರು. ಮುದ್ದೇಬಿಹಾಳದ ಕಡೆಯಿಂದ ಬಂದ ಅರವಿಂದ ಮಾಲಗತ್ತಿ ಜಾನಪದದಲ್ಲಿ ದುಡಿದೇ 1994ರಲ್ಲಿ 'ಗೌರ್ಮೆಂಟ್ ಬ್ರಾಹ್ಮಣ' ಕೊಟ್ಟರು. ಮೊಗಳ್ಳಿ ಗಣೇಶ್ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಜಾನಪದ ಕಲಿಸಿದರು. ಇವರೆಲ್ಲ ವಿಷಯವನ್ನು ತಮ್ಮ ಕಡೆಗೆ ತಿರುಗಿಸಿಕೊಂಡವರು.

ಆದರೆ ಅಂಥ ಕೆಲವರ ಹಿಂದೆ ನೂರಾರು ಜನ ಇದ್ದಾರೆ, ಅವರಿಗೆ ವಿಷಯವೇ ತಿರುವು ಕೊಟ್ಟಿದೆ. ನಮ್ಮ ಸೀಮೆಯ ಉದಾಹರಣೆಯನ್ನೇ ನೋಡಿ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಂಗಸರು ಚೌಡಿಕೆ ಹಿಡಿದು ರೇಣುಕೆಯ ಕತೆ ಹಾಡುತ್ತಾರೆ. ಕೇರಿಯ ಹುಡುಗಿ ಎಂ.ಎ. ಓದುವಾಗ ಕಿರುಪ್ರಬಂಧಕ್ಕೆಂದು ತನ್ನ ಸೋದರತ್ತೆಯ ಹಾಡನ್ನೇ ಬರೆದುಕೊಂಡು ಬರುತ್ತಾಳೆ ಎನ್ನೋಣ. ಪಠ್ಯಪುಸ್ತಕದಲ್ಲಿ ಆ ಹಾಡಿಗೆ ಮೊದಲೇ ಒಂದು ಖಾನೆ ಕಾದಿರುತ್ತದೆ: 'ವೃತ್ತಿಗಾಯಕರ ಹಾಡು'. ವೃತ್ತಿ! ಎಂಟು ಹತ್ತು ವರ್ಷದ ಹುಡುಗಿಯ ಕೊರಳಿಗೆ ಊರು ಸೇರಿ ಮುತ್ತು ಕಟ್ಟಿದ್ದು ವೃತ್ತಿಯ ಆಯ್ಕೆಯೇನು? ಕರ್ನಾಟಕದ ವಿಧಾನಮಂಡಲ 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ಕಾನೂನಿನಿಂದ ನಿಷೇಧಿಸಿತು. ಅಪರಾಧ ಎಂದು ಕಾನೂನು ಹೇಳಿದ್ದನ್ನು ನಮ್ಮ ವರ್ಗೀಕರಣ ಕಸುಬು ಎಂದೇ ಹೇಳುತ್ತ ಬಂತು. ಹುಡುಗಿ ಅದನ್ನೇ ಬರೆಯಬೇಕು, ಇಲ್ಲವಾದರೆ ಅಂಕ ಹೋಗುತ್ತವೆ. ತನ್ನ ಅತ್ತೆಯ ಬದುಕಿಗೆ ತಾನೇ ಸುಳ್ಳು ಹೆಸರು ಬರೆದು ಪದವಿ ಪಡೆಯುವ ಸ್ಥಿತಿಯನ್ನು ಯಾವ ವಿಮರ್ಶಾ ಪರಿಭಾಷೆಯಲ್ಲಿ ಹೇಳುವುದೋ ತಿಳಿಯದು.

ಅದೇ ಪ್ರಬಂಧದ ಕೊನೆಗೆ ಒಂದು ಅನುಬಂಧ ಇರುತ್ತದೆ: 'ವಕ್ತೃಗಳ ಪಟ್ಟಿ'. ಹೆಸರು, ವಯಸ್ಸು, ಊರು, ಜಾತಿ, ಉದ್ಯೋಗ. ಹಾಡಿದವಳ ಜಾತಿ ನಮೂದಾಗುತ್ತದೆ; ಸಂಗ್ರಹಿಸಿದವರದು, ಮಾರ್ಗದರ್ಶಕರದು, ವರ್ಗೀಕರಣದ ಖಾನೆಗಳನ್ನು ಕೊರೆದವರದು ಎಲ್ಲೂ ಇಲ್ಲ. ತೂಗುವವನಿಗೆ ಜಾತಿಯಿಲ್ಲ, ತೂಗಿಸಿಕೊಳ್ಳುವವಳಿಗೆ ಮಾತ್ರ ಇದೆ. 2019ರಲ್ಲಿ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು ಈ ಕಾರಣಕ್ಕೆ ಬಹಳ ದೊಡ್ಡ ಸಂಗತಿ. ಪಟ್ಟಿಯಲ್ಲಿ ವಕ್ತೃವಾಗಿ ಇರಬೇಕಾದವರು ಕುರ್ಚಿಯಲ್ಲಿ ಕೂತರು. ಅಕಾಡೆಮಿಯಲ್ಲಿ ಆದದ್ದು ವಿಶ್ವವಿದ್ಯಾಲಯದಲ್ಲಿ ಆಗುವುದು ಯಾವಾಗ?

*

ಇಲ್ಲಿ 'ಬೂಸಾ' ನೆನಪಾಗುತ್ತದೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂದರು. ಅವರ ಮಂತ್ರಿ ಪದವಿ ಹೋಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಆ ಚರಿತ್ರೆಯನ್ನು ನಾವು ಚಳವಳಿಯ ಹುಟ್ಟಾಗಿ ಓದುತ್ತೇವೆ, ಸರಿಯೇ. ಆದರೆ ಆ ಮಾತು ಓದಿನ ಆಯ್ಕೆಯ ಮಾತೂ ಹೌದಲ್ಲವೇ? ನಾವು ಏನನ್ನು ಓದಬೇಕು, ಯಾವುದನ್ನು ಓದಿ ನಮಗೇನು ಸಿಕ್ಕಿತು ಎಂಬ ಕೇಳ್ವಿ ಅದರೊಳಗಿತ್ತು. ಮುಂದೆ ನಮ್ಮಲ್ಲಿ ಕೆಲವರು ಅದನ್ನು ಸಲೀಸಾಗಿ ಬಳಸಿಕೊಂಡರು. ಬೂಸಾ ಅಂದಮೇಲೆ ಓದುವುದ್ಯಾಕೆ? ಹಳಗನ್ನಡವೆಂದರೆ ಮೂಗು ಮುರಿಯುವುದೇ ಕ್ರಾಂತಿಕಾರಿತನ ಎಂಬಂಥ ಒಂದು ಗಾಳಿ ಬೀಸಿತು. ಹೊಟ್ಟು ಯಾವುದು ಕಾಳು ಯಾವುದು ಎಂದು ಹೇಳಬೇಕಾದರೆ ಮೊರ ಕೈಯಲ್ಲಿರಬೇಕು. ಮೊರವನ್ನು ನಾವಾಗಿ ಅವರಿಗೇ ಬಿಟ್ಟುಕೊಟ್ಟೆವು. ಜಾನಪದ ತಗೋ ಎಂದ ಮೇಷ್ಟ್ರೂ, ಪಂಪ ಯಾಕೆ ಎಂದ ನಮ್ಮ ಗೆಳೆಯರೂ ಕೊನೆಗೆ ಒಂದೇ ಕಡೆ ಬಂದು ನಿಂತರು.

ಅಂಬೇಡ್ಕರರ ದಾರಿ ಇದಾಗಿರಲಿಲ್ಲ. ಶಾಲೆಯಲ್ಲಿ ಅವರು ಸಂಸ್ಕೃತ ಓದಬೇಕೆಂದರು. ಅಸ್ಪೃಶ್ಯ ಹುಡುಗನಿಗೆ ಅದು ಸಿಗಲಿಲ್ಲ, ಪರ್ಷಿಯನ್ ಓದಬೇಕಾಯಿತು. ಐಚ್ಛಿಕದ ಹೆಸರಿನಲ್ಲಿ ಇಚ್ಛೆಯನ್ನು ತಡೆದ ದಾಖಲೆಗಳಲ್ಲಿ ಇದು ಮುಖ್ಯವಾದದ್ದು. ಅದಕ್ಕೆ ಅವರು ಕೊಟ್ಟ ಉತ್ತರ ಸಂಸ್ಕೃತವನ್ನು ಬಿಡುವುದಲ್ಲ. ಮುಂದೆ ತಾವೇ ಅದರ ಹಿಂದೆ ಬಿದ್ದರು. 1946ರಲ್ಲಿ ಶೂದ್ರರ ಮೂಲವನ್ನು ಕುರಿತ ಪುಸ್ತಕದಲ್ಲಿ ವೇದ, ಬ್ರಾಹ್ಮಣ, ಸ್ಮೃತಿಗಳನ್ನು ಒಂದೊಂದಾಗಿ ಎಳೆದು ಸಾಕ್ಷಿಗೆ ನಿಲ್ಲಿಸಿದರು. ನಿಮಗೆ ಸಂಸ್ಕೃತದ ಪಾಂಡಿತ್ಯ ಇಲ್ಲವಲ್ಲ ಎಂಬ ಆಕ್ಷೇಪ ಬರುತ್ತದೆಂದು ಗೊತ್ತಿದ್ದು ಮುನ್ನುಡಿಯಲ್ಲೇ ಅದನ್ನು ಎದುರಿಸಿದರು. ನಾಗಪುರದ ಕುಮುದ ಪಾವಡೆಯವರದು ಇನ್ನೊಂದು ಕತೆ. ಸಂಸ್ಕೃತದಲ್ಲಿ ಎಂ.ಎ. ಮಾಡಿದ ಆ ದಲಿತ ಹೆಣ್ಣುಮಗಳಿಗೆ ತವರಿನ ಹೆಸರಿನಲ್ಲಿ ನೌಕರಿ ಸಿಗಲಿಲ್ಲ. ಬೇರೆ ಜಾತಿಯವರನ್ನು ಮದುವೆಯಾಗಿ ಅಡ್ಡಹೆಸರು ಬದಲಾದಮೇಲೆ ಸಿಕ್ಕಿತು. 1981ರ 'ಅಂತಃಸ್ಫೋಟ'ದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಅಂದರೆ, ಕಲಿತ ಮೇಲೂ ಬಾಗಿಲು ತೆರೆಯುತ್ತದೆಂಬ ಭರವಸೆ ಇಲ್ಲ. ನಾನು ಯಾರಿಗೂ ಸುಲಭದ ದಾರಿ ತೋರಿಸುತ್ತಿಲ್ಲ.

*

ತಿಮ್ಮಾಪುರದ ಸಕ್ಕರೆ ಕಾರ್ಖಾನೆಯ ಜಾಗಕ್ಕೆ ರನ್ನನಗರ ಎಂದು ಹೆಸರು. ಕಬ್ಬಿನ ಗಾಡಿ ಹೊಡೆದವರಿಗೆಲ್ಲ ಆ ಹೆಸರು ಗೊತ್ತು. ರನ್ನ ಯಾರೆಂದರೆ "ಯಾವನೋ ಹಳೇ ಕವಿ" ಎನ್ನುತ್ತಾರೆ. ಆ ಹಳೇ ಕವಿ ಹುಟ್ಟಿದ್ದು ಇಲ್ಲೇ, ಮುದುವೊಳಲಿನಲ್ಲಿ, ಅಂದರೆ ಮುಧೋಳದಲ್ಲಿ. ಹತ್ತನೆಯ ಶತಮಾನದವನು. 993ರಲ್ಲಿ 'ಅಜಿತಪುರಾಣ' ಮುಗಿಸಿದ, ಚಾಳುಕ್ಯ ದೊರೆಯ ಆಸ್ಥಾನದಲ್ಲಿ 'ಗದಾಯುದ್ಧ' ಬರೆದ. ಬಳೆಗಾರ ಕುಲದವನು. ಬಳೆ ಮಾರುವವರ ಮನೆಯ ಹುಡುಗ ವ್ಯಾಕರಣ ಕಲಿಯಬೇಕೆಂದು ಊರು ಬಿಟ್ಟು ಶ್ರವಣಬೆಳಗೊಳದ ಕಡೆ ಹೋದ, ಅಜಿತಸೇನಾಚಾರ್ಯರ ಶಿಷ್ಯನಾದ. ತರಗತಿಯಲ್ಲಿ ಇದು ಒಂದು ವಾಕ್ಯ. 'ಕವಿಯ ಜೀವನ' ಎಂಬ ಐದು ಅಂಕದ ಪ್ರಶ್ನೆಗೆ ಬರೆಯುವ ಉತ್ತರದಲ್ಲಿ ಕುಲ ಬಳೆಗಾರ, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಮುಂದೆ ಶಕ್ತಿಕವಿ, ಸಿಂಹಾವಲೋಕನ ಕ್ರಮ, ದುರ್ಯೋಧನನ ಛಲ.

ರನ್ನನನ್ನು ದಲಿತನೆಂದು ಎಳೆದು ತರುವ ಹುಚ್ಚು ನನಗಿಲ್ಲ. ಅವನು ಜೈನ, ಬಳೆಗಾರ. ಸಾಮಂತರ, ದೊರೆಗಳ ಆಶ್ರಯ ಪಡೆದವನು. ಅವನ ಕಾವ್ಯದಲ್ಲಿ ನಮ್ಮ ಕೇರಿಯಿಲ್ಲ. ಆದರೆ ತನ್ನದಲ್ಲದ ವಿದ್ಯೆಯನ್ನು ಬಯಸಿ ಪಡೆದವನ ಹೆಮ್ಮೆ ಅವನಲ್ಲಿ ಢಾಳಾಗಿದೆ. ತನ್ನ ಕಾವ್ಯವನ್ನು ಪರೀಕ್ಷಿಸುವ ಎದೆ ಯಾರಿಗಿದೆ ಎಂಬ ಧಾಟಿಯ ಮಾತು ಅವನ ಬಾಯಲ್ಲಿ ಬರುತ್ತದೆ. ಈ ಎದೆಗಾರಿಕೆಯನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಕವಿಯ ಅಹಂಕಾರ ಎಂದೋ ಆತ್ಮಪ್ರಶಂಸೆಯ ಸಂಪ್ರದಾಯ ಎಂದೋ ಬದಿಗಿಟ್ಟಿವೆ. ಬಳೆಯ ಮಲಾರ ಹೊತ್ತ ಮನೆಯಿಂದ ಬಂದವನು ಪಂಡಿತರ ಸಭೆಯಲ್ಲಿ ನಿಂತು ಆಡಿದ ಮಾತು ಅದು ಎಂದು ಓದಿದರೆ ಬೇರೆ ಅರ್ಥ ಹೊಳೆಯುತ್ತದೆ. ಹಾಗೆ ಓದಲು ಹಳಗನ್ನಡ ಬರಬೇಕು. ರನ್ನನಗರದ ಗೇಟಿನೆದುರು ಕಬ್ಬಿನ ಸರದಿಗೆ ನಿಂತವನ ಮಗ ಹಳಗನ್ನಡ ತ್ರಾಸ ಎಂಬ ಸಲಹೆ ಪಡೆದು ಬಂದಿದ್ದಾನೆ.

*

ಈಗ ಗ್ರಂಥ ಸಂಪಾದನೆಯ ಮಾತು. ಇದು ಒಣ ವಿಷಯ, ಹಸ್ತಪ್ರತಿಗಳ ಧೂಳು, ಪಾಠಾಂತರಗಳ ಅಡಿಟಿಪ್ಪಣಿ ಎಂದು ನಮ್ಮ ಹುಡುಗರು ದೂರ ಸರಿಯುತ್ತಾರೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ' 1964ರಲ್ಲಿ ಬಂತು. ಅದರ ಹೆಸರು ಕೇಳಿದರೇ ನಿದ್ದೆ ಎನ್ನುವವರಿದ್ದಾರೆ. ಆದರೆ ಯಾವ ಪದ ಮೂಲ, ಯಾವುದು ಪ್ರಕ್ಷಿಪ್ತ, ಯಾರು ಯಾರ ಮಗ ಎಂಬುದು ತೀರ್ಮಾನವಾಗುವುದು ಆ ಧೂಳಿನಲ್ಲೇ. 1989ರಲ್ಲಿ ಎಂ.ಎಂ. ಕಲಬುರ್ಗಿಯವರ 'ಮಾರ್ಗ' ಮೊದಲ ಸಂಪುಟ ಬಂದಾಗ ನಡೆದದ್ದನ್ನು ನೆನೆಯಿರಿ. ಚೆನ್ನಬಸವಣ್ಣ ನಾಗಲಾಂಬಿಕೆ ಮತ್ತು ಡೋಹರ ಕಕ್ಕಯ್ಯನವರ ಮಗನಾಗಿರಬಹುದು ಎಂಬ ಊಹೆಯನ್ನು ಅವರು ಆಧಾರಗಳೊಂದಿಗೆ ಮುಂದಿಟ್ಟರು. ಡೋಹರನೆಂದರೆ ತೊಗಲು ಹದ ಮಾಡುವವನು. ಮಠಗಳು ಎದ್ದವು; ಆ ಬರಹವನ್ನು ಅವರು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲೇ ಅವರನ್ನು ಕೊಂದರು.

ಆ ಊಹೆ ಸರಿಯೋ ತಪ್ಪೋ ಎಂಬುದು ಸಂಶೋಧಕರ ನಡುವಿನ ಮಾತು. ನಾನು ಕೇಳುವುದು ಇದು: ಕಕ್ಕಯ್ಯನ ಹೆಸರು ಬಂದ ಕೂಡಲೇ ಒಂದು ಸಮಾಜ ಕೆರಳಿ ನಿಂತ ಆ ಹೊತ್ತಿನಲ್ಲಿ, ಕಕ್ಕಯ್ಯನ ಕಡೆಯವರು ಆಧಾರಗಳನ್ನು ತಾವೇ ಬಿಚ್ಚಿ ನೋಡಿ, ಹೌದು ಅಥವಾ ಅಲ್ಲ ಎಂದು ಹೇಳುವ ಸ್ಥಿತಿಯಲ್ಲಿ ಇದ್ದರೇ? ನಮ್ಮ ಪಾಲಿಗೆ ಬಂದದ್ದು ಕಲಬುರ್ಗಿಯವರ ಪರವಾಗಿ ಹೇಳಿಕೆ ಕೊಡುವ ಕೆಲಸ, ಅಷ್ಟೇ. ಹೇಳಿಕೆ ಬೇಕು. ಆದರೆ ತಾಳೆಗರಿ ಓದಬಲ್ಲ ಒಂದು ಕಣ್ಣು ನೂರು ಹೇಳಿಕೆಗಳು ಮಾಡಲಾರದ್ದನ್ನು ಮಾಡುತ್ತಿತ್ತು.

ಮಾದಾರ ಚೆನ್ನಯ್ಯನ ಹೆಸರಿನ ವಚನಗಳ ಅಂಕಿತವನ್ನು ನೋಡಿ. ಬೇರೆಯವರ ಅಂಕಿತಗಳಲ್ಲಿ ಊರಿನ ಶಿವ, ಸಂಗಮದ ದೇವ. ಚೆನ್ನಯ್ಯನ ಅಂಕಿತದ ಒಳಗೆ ಉಳಿ, ಕತ್ತಿ, ಅಡಿಗೂಂಟ. ಚಮ್ಮಾರನ ಮುಂದೆ ಹರಡಿದ ಸಾಮಾನುಗಳೇ ದೇವರ ಹೆಸರಿನ ಜಾಗದಲ್ಲಿ ಕೂತಿವೆ. 1993ರಲ್ಲಿ ಸರಕಾರ ಸಮಗ್ರ ವಚನ ಸಂಪುಟಗಳನ್ನು ತಂದಾಗ ಈ ವಚನಗಳೂ ಎಲ್ಲರ ಕೈಗೆ ಬಂದವು. ಪಂಡಿತರು ಆ ಅಂಕಿತಕ್ಕೆ ಆಧ್ಯಾತ್ಮಿಕ ಅರ್ಥ ಹೇಳುತ್ತಾರೆ, ಹೇಳಲಿ. ಆದರೆ ಕೈಯುಳಿ ಯಾವ ಕೆಲಸಕ್ಕೆ, ಕತ್ತಿಯ ಬಾಯಿ ಯಾವ ಕಡೆ, ಅಡಿಗೂಂಟ ನೆಲದಲ್ಲಿ ಹೇಗೆ ಕೂರುತ್ತದೆ, ಅದರ ಮೇಲೆ ತೊಗಲನ್ನು ಇಟ್ಟಾಗ ಕೈ ಯಾವುದಕ್ಕೆ ಹೆದರುತ್ತದೆ ಎಂದು ಗೊತ್ತಿಲ್ಲದೆ ಆ ಸಾಲಿಗೆ ಅರ್ಥ ಬರೆಯುವುದು ಹೇಗೆ? ಈ ಜ್ಞಾನ ನಮ್ಮ ಅಜ್ಜಂದಿರ ಕೈಯಲ್ಲಿತ್ತು. ಜಾನಪದದ ತರಗತಿಯಲ್ಲಿ ಅದು 'ವೃತ್ತಿಪದಕೋಶ' ಎಂಬ ಅನುಬಂಧವಾಗುತ್ತದೆ. ಗ್ರಂಥ ಸಂಪಾದಕನ ಕೈಯಲ್ಲಿ ಅದು ಪಾಠ ನಿರ್ಣಯದ ಆಧಾರವಾಗುತ್ತದೆ. ಕಸುಬು ಅದೇ, ಪದ ಅದೇ. ಯಾವ ಪತ್ರಿಕೆಯಲ್ಲಿ ಕೂತಿದೆ ಎಂಬುದರ ಮೇಲೆ ಅದರ ಬೆಲೆ.

ಶಾಸನಗಳದೂ ಹೀಗೆಯೇ. ದಾನಶಾಸನಗಳ ಕೊನೆಗೆ ಶಾಪಾಶಯ ಬರುತ್ತದೆ: ಈ ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಹಸುಗಳನ್ನೂ ಬ್ರಾಹ್ಮಣರನ್ನೂ ಕೊಂದ ಪಾಪ. ತರಗತಿಯಲ್ಲಿ ಇದನ್ನು ಶಾಸನ ರಚನೆಯ ಒಂದು ಅಂಗವೆಂದು ಬರೆಸಿ ಮುಂದೆ ಹೋಗುತ್ತಾರೆ. ಪಾಪದ ಅಳತೆಗೋಲು ಹಸು ಮತ್ತು ಬ್ರಾಹ್ಮಣ. ದಾನ ಕೊಟ್ಟ ಆ ಹೊಲವನ್ನು ಉತ್ತವನನ್ನು ಕೊಂದರೆ ಎಷ್ಟು ಪಾಪವೆಂದು ಆ ಕಲ್ಲು ಹೇಳುವುದಿಲ್ಲ. ಈ ಮೌನವನ್ನು ಪ್ರಶ್ನೆಯಾಗಿ ಎತ್ತಲು ಶಾಸನವನ್ನೇ ವಿಶೇಷ ಅಧ್ಯಯನವಾಗಿ ತಗೊಂಡ ಕೇರಿಯ ಹುಡುಗನೊಬ್ಬ ಬೇಕಾಗುತ್ತಾನೆ.

*

ಇನ್ನು ಸೃಜನಶೀಲ ಬರವಣಿಗೆಯ ಪತ್ರಿಕೆ. ಅಲ್ಲಾದರೂ ಬೇರೆ ಗಾಳಿ ಇರಬಹುದೆಂದುಕೊಂಡರೆ ಅಲ್ಲೂ ಅದೇ. ಉಳಿದವರಿಗೆ ತಂತ್ರ, ನಿರೂಪಣೆ, ಸಾನೆಟ್ಟು. ನಮ್ಮವನಿಗೆ "ನಿನ್ನ ಅನುಭವ ಬರಿಯಪ್ಪಾ, ಭಾಳ ಸ್ಟ್ರಾಂಗ್ ಇರ್ತದ". ಅವನಿಗೊಂದು ಪತ್ತೇದಾರಿ ಕತೆ ಬರೆಯಬೇಕಿದ್ದರೆ? ಮಳೆಯ ಬಗ್ಗೆ ಸುಮ್ಮನೆ ನಾಲ್ಕು ಸಾಲು ಬರೆಯಬೇಕಿದ್ದರೆ? ನೋವನ್ನು ಮನೆಪಾಠವಾಗಿ ಕೊಡುವ ಈ ಪದ್ಧತಿ ಆತ್ಮಕಥೆಯಂಥ ದೊಡ್ಡ ಪ್ರಕಾರವನ್ನೂ ಸಣ್ಣದು ಮಾಡಿದೆ. ದಲಿತ ಸಾಹಿತ್ಯವನ್ನು ಐಚ್ಛಿಕವಾಗಿ ಇಟ್ಟ ಕಡೆ ಇನ್ನೊಂದು ವಿಚಿತ್ರ: ಅದನ್ನು ಓದುವವರು ದಲಿತರೇ. ಓದಲೇಬೇಕಾದವರಿಗೆ ಅದು ಐಚ್ಛಿಕವಾದ್ದರಿಂದ ತಪ್ಪಿಸಿಕೊಳ್ಳುವ ಹಕ್ಕು ಇದೆ.

ಕಾರ್ಯಕರ್ತ ಗೆಳೆಯರು ಕೇಳಬಹುದು: ಊರಲ್ಲಿ ಬಾವಿ, ಹೋಟೆಲು, ಸ್ಮಶಾನದ ಜಗಳ ಇರುವಾಗ ಪಾಠಾಂತರದ ಮಾತೇನು? ನೌಕರಿಯ ಲೆಕ್ಕದಿಂದಲೇ ಹೇಳುತ್ತೇನೆ. ನೆಟ್, ಕೆ-ಸೆಟ್ ಪರೀಕ್ಷೆಗಳಲ್ಲಿ ಹಳಗನ್ನಡ, ಛಂದಸ್ಸು, ಕಾವ್ಯಮೀಮಾಂಸೆ ಬಿಟ್ಟು ಪಾಸಾಗಲು ಆಗುವುದಿಲ್ಲ. ಎಂ.ಎ.ಯಲ್ಲಿ ತ್ರಾಸ ಎಂದು ತಪ್ಪಿಸಿದ ಅದೇ ವಿಷಯಕ್ಕೆ ಹುಡುಗ ಮುಂದೆ ಧಾರವಾಡದ ಕೋಚಿಂಗ್ ಕ್ಲಾಸಿಗೆ ಸಾಲ ಮಾಡಿ ದುಡ್ಡು ಕಟ್ಟುತ್ತಾನೆ. ಕಂದ, ವೃತ್ತ, ಲಘು, ಗುರು ಇವೇನು ಬ್ರಹ್ಮವಿದ್ಯೆಯಲ್ಲ. ಹಲಗೆಯ ಮೇಲೆ ಬೆರಳಿಟ್ಟು ತಾಳ ಎಣಿಸಬಲ್ಲವನಿಗೆ ಮಾತ್ರೆ ಎಣಿಸಲು ಒಂದು ವಾರ ಸಾಕು, ಕೂರಿಸಿ ಹೇಳಿಕೊಡುವವರು ಇದ್ದರೆ.

ಹಲಗಲಿ ನಮ್ಮ ಮುಧೋಳ ತಾಲ್ಲೂಕಿನದೇ ಊರು. 1857ರಲ್ಲಿ ಆಯುಧ ಕಸಿಯುವ ಕಾನೂನಿನ ವಿರುದ್ಧ ಎದ್ದ ಬೇಡರ ಲಾವಣಿಯನ್ನು ಮೊದಲು ಅಚ್ಚಿಗೆ ತಂದವನು ಇಂಗ್ಲಿಷ್ ಅಧಿಕಾರಿ ಜೆ.ಎಫ್. ಫ್ಲೀಟ್. ಅದೇ ಫ್ಲೀಟ್ ನಮ್ಮ ಭಾಗದ ಶಾಸನಗಳನ್ನೂ ಓದಿ ಪ್ರಕಟಿಸಿದ. ಅವನಿಗೆ ಲಾವಣಿ ಬೇರೆ, ಶಾಸನ ಬೇರೆ, ಒಂದನ್ನು ತಗೊಂಡರೆ ಇನ್ನೊಂದನ್ನು ಬಿಡಬೇಕು ಎಂಬ ಐಚ್ಛಿಕದ ಗೆರೆ ಇರಲಿಲ್ಲ. ಅವನು ಬರೆಸಿಕೊಂಡ ಪಾಠಕ್ಕೂ ಹಲಗಲಿಯ ಸುತ್ತ ಇವತ್ತು ಹಾಡುವ ಪಾಠಕ್ಕೂ ಎಲ್ಲೆಲ್ಲಿ ವ್ಯತ್ಯಾಸ, ಯಾವ ಹೆಸರು ಬಿದ್ದುಹೋಗಿದೆ, ಯಾವುದು ಆಮೇಲೆ ಸೇರಿದೆ ಎಂದು ಸಾಲು ಸಾಲಾಗಿ ಹೋಲಿಸಿ ಒಂದು ಆವೃತ್ತಿ ಸಿದ್ಧಪಡಿಸುವ ಕೆಲಸವನ್ನು ಜಮಖಂಡಿಯಲ್ಲಿ ಓದುವ ಇಬ್ಬರು ಮೂವರು ಸೇರಿದರೆ ಎರಡು ವರ್ಷದಲ್ಲಿ ಮಾಡಬಹುದು. ಅರ್ಜಿಯ ಆ ಗೆರೆಯ ಮೇಲೆ ಅವರು ಗ್ರಂಥ ಸಂಪಾದನೆ ಎಂದು ಬರೆಯಬೇಕು, ವಿಭಾಗ ಅದನ್ನು ಕಲಿಸುವ ಒಬ್ಬರನ್ನು ನೇಮಿಸಬೇಕು.